ಪದ್ದು ಹೇಳಿದ ಬಣ್ಣ

ಯುಗಾದಿಗೆ ಇನ್ನು ಹತ್ತು ದಿನವಿದೆ ಎನ್ನುವಾಗ ನಮ್ಮ ಮನೆಯಲ್ಲಿ ಒಂದು ಅನಾಹುತವಾಯಿತು. ಗಾಬರಿಯಾಗಬೇಡಿ, ಯಾರೂ ಜಾರಿ ಬೀಳಲಿಲ್ಲ, ಹಾಲು ಕೂಡ ಉಕ್ಕಲಿಲ್ಲ. ನನ್ನ ಹೆಂಡತಿ ಸರೋಜ ಹಬ್ಬದ ಉತ್ಸಾಹದಲ್ಲಿ ನನ್ನ ಬಣ್ಣದ ಬಾಟಲಿಗಳನ್ನೆಲ್ಲ ಸೋಪಿನ ನೀರಿನಲ್ಲಿ ಉಜ್ಜಿ ತೊಳೆದು ಹಿತ್ತಲ ಕಟ್ಟೆಯ ಮೇಲೆ ಸಾಲಾಗಿ ಬಿಸಿಲಿಗೆ ಇಟ್ಟಿದ್ದಳು. ಹನ್ನೊಂದು ಬಾಟಲಿ. ಎಲ್ಲವೂ ಉಪ್ಪಿನಕಾಯಿ ಖಾಲಿಯಾದ ಮೇಲೆ ನನ್ನ ಪಾಲಿಗೆ ಬಂದವು. ಅಂಗಡಿಯಿಂದ ಪುಡಿ ಬಣ್ಣ ತಂದು, ಅಂಟು ಕಲಸಿ, ಅವುಗಳಲ್ಲೇ ತುಂಬಿಟ್ಟುಕೊಳ್ಳುವುದು ನನ್ನ ಹಳೆಯ ಅಭ್ಯಾಸ. ಮುಚ್ಚಳ ಬಿಗಿಯಾಗಿದ್ದರಿಂದ ಒಳಗಿನ ಬಣ್ಣಕ್ಕೆ ಏನೂ ಆಗಿರಲಿಲ್ಲ. ಹೊರಗೆ ಅಂಟಿಸಿದ್ದ ಚೀಟಿಗಳು ಮಾತ್ರ ಒಂದೂ ಉಳಿದಿರಲಿಲ್ಲ.

"ಎಷ್ಟು ಕೊಳೆ ಹಿಡಿದಿತ್ತು ಅಂತೀರಾ! ಈಗ ನೋಡಿ ಹೆಂಗೆ ಹೊಳೀತಿದಾವೆ," ಎಂದಳು ಸರೋಜ.

ನಾನು ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ಆ ವರ್ಷ ಹೋಳಿಗೆ ಸಿಗುತ್ತಿರಲಿಲ್ಲ.

ಆ ಚೀಟಿಗಳ ಕತೆ ಹೇಳಬೇಕೆಂದರೆ ಮೊದಲು ನನ್ನ ಕಣ್ಣಿನ ಕತೆ ಹೇಳಬೇಕು. ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು. ಆದರೆ ಕೈ ಸುಮ್ಮನಿರದೆ ಕಂಡದ್ದನ್ನೆಲ್ಲ ಚಿತ್ರ ಬರೆಯುತ್ತ ಬಂದಿದ್ದೇನೆ. ಡೇರಿ ಮುಂದೆ ಹಾಲಿನ ಕ್ಯಾನು ಹಿಡಿದು ಮಾತಿಗೆ ನಿಂತ ಹೆಂಗಸರು, ಮಾವಿನ ಮಂಡಿಯಲ್ಲಿ ಕ್ರೇಟುಗಳ ಮೇಲೆ ನಿದ್ದೆ ಹೋದ ಹಮಾಲಿ, ಮುಳಬಾಗಿಲಿನ ಬಂಡೆಗಳು, ಬಂಡೆಯ ನೆರಳಲ್ಲಿ ಕಣ್ಣು ಮುಚ್ಚಿ ಮೆಲುಕು ಹಾಕುವ ಮೇಕೆ. ಗೆರೆ ಎಳೆಯುವುದರಲ್ಲಿ ನನಗೆ ತೊಂದರೆಯಿಲ್ಲ. ತೊಂದರೆ ಇರುವುದು ಬಣ್ಣದಲ್ಲಿ. ನೀಲಿ ನನಗೆ ಕಾಣುತ್ತದೆ, ಹಳದಿ ಕಾಣುತ್ತದೆ. ಕೆಂಪು, ಹಸಿರು, ಕಂದು ಮಾತ್ರ ಒಂದೇ ತಾಯಿಯ ಮಕ್ಕಳು, ಅದೂ ಅವಳಿ ಜವಳಿ. ಇಡೀ ಊರೇ ಮಾವು ತಿಂದು ಮಾವು ಮಾರಿ ಬದುಕುವ ಕಡೆ, ಹಣ್ಣೋ ಕಾಯೋ ಎಂದು ಮೂಸಿ ನೋಡಿ ಹೇಳುವವನು ಬಹುಶಃ ನಾನೊಬ್ಬನೇ.

ಇಂಥವನು ಚಿತ್ರ ಬರೆಯುತ್ತಾನೆಯೇ ಎಂದು ನೀವು ನಗುತ್ತಿದ್ದರೆ ನಗಿ. ಅರವತ್ತೇಳು ವರ್ಷದಲ್ಲಿ ನನಗದು ಅಭ್ಯಾಸವಾಗಿದೆ. ಹರೆಯದಲ್ಲಿ ರೈಲ್ವೆ ಕೆಲಸಕ್ಕೆ ಅರ್ಜಿ ಹಾಕಿ, ಎಲ್ಲ ಪರೀಕ್ಷೆಯಲ್ಲೂ ಪಾಸಾಗಿ, ಕೊನೆಗೆ ಕಣ್ಣಿನ ಡಾಕ್ಟರ ಮುಂದೆ ಕೂತಿದ್ದೆ. ಅವರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು "ಈ ಚುಕ್ಕಿಗಳಲ್ಲಿ ಯಾವ ಅಂಕಿ ಬರೆದಿದೆ ಓದಪ್ಪ" ಎಂದರು. ನಾನು ಪುಟ ತಿರುಗಿಸಿ ನೋಡಿ, ಹಿಂದೆಯೂ ನೋಡಿ, "ಇನ್ನೂ ಏನೂ ಬರೆದಿಲ್ಲ ಸಾರ್" ಎಂದೆ. ಡಾಕ್ಟರು ಒಳ್ಳೆಯವರು, ನಗದೆ ಪುಸ್ತಕ ಮುಚ್ಚಿದರು. ನನ್ನಂಥವನ ಕೈಗೆ ಸಿಗ್ನಲ್ಲು ಕೊಡದೆ ಅವರು ಎಷ್ಟೋ ಜನರ ಜೀವ ಉಳಿಸಿದ್ದಾರೆ.

ಆದರೆ ಡಾಕ್ಟರಿಗಿಂತ ಎಷ್ಟೋ ವರ್ಷ ಮೊದಲೇ ಈ ವಿಷಯ ಕಂಡುಹಿಡಿದವಳು ನನ್ನ ತಂಗಿ ಪದ್ದು. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಲಕ್ಕೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪ ಒಂದು ದಿನ ಹಣ್ಣು ಮೆಣಸಿನಕಾಯಿ ಬಿಡಿಸಿಕೊಂಡು ಬಾ ಎಂದು ನನ್ನನ್ನು ಹೊಲಕ್ಕೆ ಕಳಿಸಿದ್ದರು. ನಾನು ಶ್ರದ್ಧೆಯಿಂದ ಒಂದು ಮಂಕರಿ ತುಂಬ ಹಸಿ ಕಾಯಿ ಕಿತ್ತು ತಂದು ಅಂಗಳದಲ್ಲಿ ಸುರಿದೆ. ಅಪ್ಪ ಮಂಕರಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು.

"ಏನ್ಲಾ, ಕಣ್ಣು ಮನೇಲಿಟ್ಟು ಹೋಗಿದ್ದಾ?" ಎಂದು ಬೆನ್ನಿಗೊಂದು ಬಿಟ್ಟರು.

ಸಂಜೆ ದನದ ಕೊಟ್ಟಿಗೆಯ ಹತ್ತಿರ ಪದ್ದು ಎರಡು ಮೆಣಸಿನಕಾಯಿ ತಂದು ನನ್ನ ಅಂಗೈಯಲ್ಲಿಟ್ಟಳು. "ಅಣ್ಣ, ಎರಡೂ ಒಂದೇ ಥರ ಇದಾವಾ?"

"ಇಲ್ಲ, ಇದು ಸ್ವಲ್ಪ ಉದ್ದ," ಎಂದೆ.

ಅವಳು ನಗಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಮಾರನೆಯ ದಿನದಿಂದ ನಾನು ಹೊಲಕ್ಕೆ ಹೋದರೆ ಅವಳೂ ಹಿಂದೆ. ನನ್ನ ಕೈ ಗಿಡದ ಕಡೆ ಹೋದಾಗ ಮೆಲ್ಲಗೆ "ಅದಲ್ಲ, ಪಕ್ಕದ್ದು" ಎನ್ನುವಳು. ಅಪ್ಪನಿಗೆ ಕೊನೆಯವರೆಗೂ ಗುಟ್ಟು ಗೊತ್ತಾಗಲಿಲ್ಲ. ಹುಡುಗ ಒಂದು ಏಟಿಗೇ ಸರಿಹೋದ ಎಂದು ನೆಂಟರಿಗೆಲ್ಲ ಹೇಳಿಕೊಂಡು ಓಡಾಡಿದರು.

ಆಗ ನಾನು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಿಂದ, ಒಡೆದ ಮಾಲೂರು ಹೆಂಚಿನ ಚೂರಿನಿಂದ ಚಿತ್ರ ಬರೆಯುತ್ತಿದ್ದೆ. ಅದನ್ನು ನೋಡಿದ ಸ್ಕೂಲಿನ ಮೇಷ್ಟ್ರೊಬ್ಬರು ಒಂದು ಡಬ್ಬಿ ಬಣ್ಣದ ಕಡ್ಡಿ ಕೊಟ್ಟರು. ಡಬ್ಬಿ ಮನೆಗೆ ತಂದ ಕೂಡಲೇ ಪದ್ದು ಅದನ್ನು ಕಿತ್ತುಕೊಂಡು, ಹಳೆಯ ನೋಟ್‌ಬುಕ್ಕಿನ ಹಾಳೆ ಹರಿದು, ಒಂದೊಂದು ಕಡ್ಡಿಗೂ ಚೀಟಿ ಸುತ್ತಿದಳು. ಒಂದರ ಮೇಲೂ ಕೆಂಪು, ಹಸಿರು ಎಂದು ಬರೆಯಲಿಲ್ಲ. ಕುಂಕುಮ, ಗಿಳಿ, ಹುಣಸೆ, ಹೆಂಚು, ಮಾವಿನ ಚಿಗುರು. ಹೀಗೆ ಬರೆದಳು.

"ಕೆಂಪು ಅಂದ್ರೆ ನಿಂಗೇನೂ ಗೊತ್ತಾಗಲ್ಲ. ಕುಂಕುಮ ಅಂದ್ರೆ ಅಮ್ಮನ ಹಣೆ ನೆನಪಾಗುತ್ತಲ್ಲ," ಎಂದಳು.

ಎಂಟು ವರ್ಷದ ಹುಡುಗಿ ಹೇಳಿದ ಮಾತು ಅದು. ನಿಜ ಹೇಳುತ್ತೇನೆ, ಕೆಂಪು ಎಂದರೆ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕುಂಕುಮ ಎಂದರೆ ಮಾತ್ರ ಗೊತ್ತು. ಒಲೆಯ ಮುಂದೆ ಕೂತ ಅಮ್ಮ, ಬೆವರಿಗೆ ಸ್ವಲ್ಪ ಇಳಿದ ಬೊಟ್ಟು, ಮುದ್ದೆ ತಿರುವುವಾಗ ಬಾಗಿದ ಅವಳ ತಲೆ. ಉಳಿದವರಿಗೆ ಬಣ್ಣ ಕಣ್ಣಿಗೆ ಬಂದರೆ ನನಗೆ ಹೀಗೆ ಬರುತ್ತದೆ. ಮುಂದೆ ಈ ಬಾಟಲಿಗಳಿಗೂ ಅವಳೇ ಇದೇ ಹೆಸರುಗಳ ಚೀಟಿ ಅಂಟಿಸಿದ್ದಳು. ಎಷ್ಟೋ ಸಲ ಬಾಟಲಿಯ ಮುಚ್ಚಳ ತೆಗೆದು ಕೂತವನು ಕುಂಚ ಅದ್ದುವುದನ್ನೂ ಮರೆತು ನಮ್ಮ ಹಳ್ಳಿಯ ಅಡುಗೆಮನೆಯಲ್ಲಿ ಅರ್ಧ ಗಂಟೆ ಕಳೆದು ಬಂದಿದ್ದೇನೆ. ಸರೋಜ ಅದನ್ನು ತೂಕಡಿಕೆ ಎನ್ನುತ್ತಾಳೆ.

ಆ ಕಡ್ಡಿಗಳಿಂದ ನಾನು ಬರೆದ ಮೊದಲ ಚಿತ್ರ ಪದ್ದುವಿನದೇ. ಬಾವಿಯ ಹತ್ತಿರದ ಕಲ್ಲುತೊಟ್ಟಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಆಕಾಶ ನೀಲಿ ನನಗೇ ಗೊತ್ತಿತ್ತು. ಗಿಡಕ್ಕೆ ಗಿಳಿ ಎಂದಳು, ಹಾಕಿದೆ. ತೊಟ್ಟಿಗೆ ಇದ್ದಿಲು ಎಂದಳು, ಹಾಕಿದೆ.

"ನಿನ್ನ ಲಂಗಕ್ಕೆ?" ಎಂದು ಕೇಳಿದೆ.

ಅವಳು ತಲೆ ತಗ್ಗಿಸಿ ಲಂಗವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ "ಕುಂಕುಮ" ಎಂದಳು.

ಅಂದಿನಿಂದ ಕುಂಕುಮದ ಲಂಗದ ಆ ಹುಡುಗಿ ನನ್ನ ಚಿತ್ರಗಳಿಂದ ಹೊರಗೆ ಹೋಗಲಿಲ್ಲ. ಡೇರಿ ಚಿತ್ರದಲ್ಲಿ ಕಂಬಕ್ಕೆ ಒರಗಿ ನಿಂತಿರುತ್ತಾಳೆ, ಮಾವಿನ ತೋಪಿನಲ್ಲಿ ದೂರದಲ್ಲೊಂದು ಚುಕ್ಕಿಯಾಗಿ ಓಡುತ್ತಿರುತ್ತಾಳೆ, ಬಂಡೆಗಳ ನಡುವೆ ಮೇಕೆಯ ಕಿವಿ ಹಿಡಿದಿರುತ್ತಾಳೆ. ನೋಡಿದವರೆಲ್ಲ ಮೊದಲು ಅವಳನ್ನೇ ಕೇಳುತ್ತಾರೆ. "ಯಾರು ಸಾರ್ ಈ ಕೆಂಪು ಲಂಗದ ಹುಡುಗಿ?" ನಾನು ನಕ್ಕು ಸುಮ್ಮನಾಗುತ್ತೇನೆ. ಕಲಾವಿದ ಹೀಗೆ ಸುಮ್ಮನಾದರೆ ಜನ ಏನೋ ದೊಡ್ಡ ಅರ್ಥವಿದೆ ಎಂದುಕೊಳ್ಳುತ್ತಾರೆ.

ಪದ್ದುವನ್ನು ಮುಳಬಾಗಿಲಿಗೆ ಕೊಟ್ಟರು. ತೆಲುಗು ಮಾತಾಡುವ ಮನೆ, ಅವಳ ಕನ್ನಡಕ್ಕೂ ಆ ಎಳೆತ ಬಂತು, ಸಿಟ್ಟು ಬಂದರೆ ಪೂರ್ತಿ ತೆಲುಗೇ. ನಾನು ಪೆನ್ಸಿಲಿನಲ್ಲಿ ಚಿತ್ರ ಬರೆದಿಟ್ಟುಕೊಂಡು ಅವಳು ಬರುವವರೆಗೆ ಕಾಯುತ್ತಿದ್ದೆ. ಬಂದರೆ ಬಸ್ಸಿಳಿದು ನೀರು ಕುಡಿಯುವ ಮೊದಲೇ ನನ್ನ ಜೊತೆ ಹೊಲಕ್ಕೋ ತೋಪಿಗೋ ಬಂದು ನಿಂತು ಬಣ್ಣ ಹೇಳುವಳು. ಫೋನು ಬಂದ ಮೇಲೆ ಕೆಲಸ ಸುಲಭವಾಯಿತು. ನಾನು ಫೋಟೋ ಕಳಿಸುವುದು, ಅವಳು ಅಲ್ಲಿಂದ ಕರೆ ಮಾಡುವುದು. "ಹಿಂದಿನ ಗುಡ್ಡ ಹುಣಸೆ, ಮುಂದಿನ ಸಾಲು ಗಿಳಿ, ಅಂಚಿಗೆ ಚೂರು ಮಾವಿನ ಚಿಗುರು ಮುಟ್ಟಿಸು ಅಣ್ಣ, ಜಾಸ್ತಿ ಬೇಡ." ಸರೋಜಳನ್ನೂ ಕೇಳಿ ನೋಡಿದ್ದೆ. ಅವಳು "ಹಸಿರು" ಎಂದಳು. ಎಂಥ ಹಸಿರು ಎಂದರೆ "ಹಸಿರು ಅಂದ್ರೆ ಹಸಿರು ಕಣ್ರೀ" ಎಂದು ಒಳಗೆ ಹೋದಳು.

ಇಷ್ಟೆಲ್ಲ ಮಾಡಿದ ಪದ್ದುವಿನ ಹೆಸರನ್ನು ನಾನು ಒಂದು ದಿನವೂ ಯಾರ ಮುಂದೆಯೂ ಎತ್ತಲಿಲ್ಲ. "ಬಣ್ಣ ಎಷ್ಟು ಚೆನ್ನಾಗಿ ಹಾಕಿದೀರಿ ಮೇಷ್ಟ್ರೇ" ಎಂದವರಿಗೆಲ್ಲ ಕೈಮುಗಿದು ಹಲ್ಲು ಬಿಟ್ಟಿದ್ದೇನೆ. ಬಣ್ಣ ಕಾಣದವನು ಎಂದು ಹೇಳಿಕೊಳ್ಳಲು ನಾಚಿಕೆ ಎಂಬುದು ಒಂದು ಕಾರಣ. ಹೊಗಳಿಕೆ ರುಚಿಯಾಗಿತ್ತು ಎಂಬುದು ಇನ್ನೊಂದು, ನಿಜವಾದ ಕಾರಣ.

ಈಚಿನ ಕೆಲವು ವರ್ಷಗಳಲ್ಲಿ ಮಾತ್ರ ಹೊಗಳಿಕೆಯ ಜೊತೆ ಬೇರೆ ಮಾತುಗಳೂ ಬರತೊಡಗಿದ್ದವು. ಓದಿದವರು "ನಿಮ್ಮ ಈಚಿನ ಚಿತ್ರಗಳಲ್ಲಿ ಒಂದು ಸಂಜೆ ಇದೆ" ಎಂದರು. ನಾನು ಬೆಳಗ್ಗೆ ಎಂಟಕ್ಕೆ ಕೂತು ಬರೆದದ್ದು ಅವು. ಆದರೂ ಸಂಜೆ ಎನ್ನುವುದು ಕೇಳಲು ಚೆನ್ನಾಗಿತ್ತು, ಇರಲಿ ಎಂದುಕೊಂಡೆ. ಕ್ಯಾಲನೂರಿನ ಕಡೆಯ ಮುನಿಶಾಮಪ್ಪ ಹಾಗೆಲ್ಲ ನಾಜೂಕು ಮಾಡುವವನಲ್ಲ. ನನ್ನ ಹಳೆಯ ಶಿಷ್ಯ, ಈಗ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾನೆ. ಅವನ ತೋಟವನ್ನೇ ಬರೆದು ತೋರಿಸಿದರೆ ಹತ್ತಿರ ಹೋಗಿ, ಹಿಂದೆ ಸರಿದು, ಮತ್ತೆ ಹತ್ತಿರ ಹೋಗಿ ನೋಡಿದ.

"ಏಂದಿ ಸಾರ್ ಇದಿ? ನನ್ನ ತೋಟಕ್ಕೆ ನೀರು ಬಿಟ್ಟೇ ಇಲ್ವಾ ನಾನು? ಈ ಸೊಪ್ಪು ಹಾಕಿದ್ರೆ ಹುಳ ಮೂತಿ ತಿರುಗಿಸ್ಕೊಂಡು ಹೋಗ್ತವೆ."

"ಅದು ಚಿತ್ರ ಕಣಯ್ಯ."

"ಚಿತ್ರ ಆದ್ರೇನು ಸಾರ್, ಊರೋರು ನೋಡಲ್ವಾ? ಮುನಿಶಾಮಪ್ಪ ತೋಟ ಒಣಗಿಸ್ಬಿಟ್ಟ ಅಂತಾರೆ." ಆ ದಿನ ಅವನು ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದು ಹೋದ. ರೈತನಿಗೆ ಕಲೆ ಅರ್ಥವಾಗುವುದಿಲ್ಲ ಎಂದು ನಾನು ಸರೋಜಳ ಮುಂದೆ ದೊಡ್ಡದಾಗಿ ಹೇಳಿದೆ. ಅವಳು ಏನೋ ಹೇಳಲು ಬಂದು ಸುಮ್ಮನಾದಳು.

ಇಂಥ ಸ್ಥಿತಿಯಲ್ಲಿ ಹಳೆಯ ಶಿಷ್ಯರೆಲ್ಲ ಸೇರಿ, ಯುಗಾದಿ ಕಳೆದ ಮೇಲಿನ ಭಾನುವಾರ ನಮ್ಮ ಹೈಸ್ಕೂಲಿನ ಹಾಲಿನಲ್ಲಿ ನನ್ನ ಚಿತ್ರಗಳನ್ನು ತೂಗುಹಾಕುವುದೆಂದು ನಿಶ್ಚಯಿಸಿದ್ದರು. ಹದಿನಾಲ್ಕು ಚಿತ್ರ. ಹದಿಮೂರು ಮುಗಿದಿದ್ದವು. ಒಂದು ಬಾಕಿಯಿತ್ತು, ನಮ್ಮ ಹಳ್ಳಿಯ ಬಾವಿ ಮತ್ತು ಕಲ್ಲುತೊಟ್ಟಿ. ನೆನಪಿನಿಂದಲೇ ಮತ್ತೆ ಬರೆದದ್ದು. ಲಂಗವೊಂದಕ್ಕೆ ಬಣ್ಣ ಹಾಕಿದರೆ ಆಯಿತು ಎನ್ನುವಾಗ ಈ ಸೋಪಿನ ನೀರಿನ ಅನಾಹುತ.

ಪದ್ದುವಿಗೆ ಫೋನ್ ಮಾಡಬೇಕು ಎಂದುಕೊಂಡೆ. ಅವಳಿಗೆ ಆ ವಾರವಷ್ಟೇ ಕೋಲಾರದಲ್ಲಿ ಒಂದು ಕಣ್ಣಿನ ಪೊರೆ ತೆಗೆದಿದ್ದರು, ತೊಂದರೆ ಕೊಡಬಾರದು ಎಂದು ಎರಡು ದಿನ ತಡೆದೆ. ಮೂರನೆಯ ದಿನ ಅವಳೇ ಮಾಡಿದಳು. ದನಿಯಲ್ಲಿ ಹುಡುಗಾಟದ ಖುಷಿ.

"ಅಣ್ಣ, ನಮ್ಮನೆ ಗೋಡೆ ಬಿಳಿ ಕಣಣ್ಣ! ಸುಣ್ಣ ಹೊಡೆದೋನ್ನ ಸುಮ್ನೆ ಬೈಕೊಂಡು ಓಡಾಡ್ತಿದ್ದೆ ಇಷ್ಟು ದಿನ. ಈ ಕಣ್ಣಲ್ಲಿ ನೋಡಿದ್ರೆ ಹಾಲು, ಆ ಕಣ್ಣಲ್ಲಿ ನೋಡಿದ್ರೆ ಟೀ ಚೆಲ್ಲಿದಂಗೆ. ಮುಂದಿನ ಬೇವಿನ ಮರ ನೋಡಬೇಕು ನೀನು, ಏನು ಗಿಳಿ ಅಂತೀಯ! ಒಣಗ್ತಾ ಇದೆ ಅಂದ್ಕೊಂಡಿದ್ದೆ."

ಆಮೇಲೆ ಲೈನು ಹೋಯಿತೇನೋ ಎಂದು ನಾನು ಹಲೋ ಹಲೋ ಅಂದೆ.

"ಅಣ್ಣ," ಎಂದಳು. ಖುಷಿ ಹೋಗಿತ್ತು. "ನಾನು ನಿಂಗೆ ಯಾವ ಕಣ್ಣಲ್ಲಿ ನೋಡಿ ಬಣ್ಣ ಹೇಳ್ತಿದ್ದೆ?"

ನನಗೆ ಮುನಿಶಾಮಪ್ಪನ ಅರ್ಧ ಬಿಟ್ಟ ಕಾಫಿ ನೆನಪಾಯಿತು.

"ಭಾನುವಾರ ಅವನ್ನ ಯಾರಿಗೂ ತೋರಿಸ್ಬೇಡ. ನಾನು ಬರ್ತೀನಿ. ಅಷ್ಟನ್ನೂ ಸರಿ ಮಾಡೋಣ," ಎಂದು ಫೋನಿಟ್ಟಳು.

ಸರೋಜಳನ್ನು ಕರೆದು ಕೇಳಿದೆ. ಅವಳು ಸೆರಗಿನ ತುದಿ ತಿರುವುತ್ತ ಹೇಳಿದಳು. "ನಂಗೂ ಒಣಗಿದಂಗೇ ಕಾಣ್ತಿತ್ತು. ನೀವು ಕಲಾವಿದರು, ಏನೋ ಉದ್ದೇಶ ಇರುತ್ತೆ ಅಂತ ಸುಮ್ಮನಿದ್ದೆ." ಉದ್ದೇಶವಂತೆ! ಪೊರೆ ಬಂದದ್ದು ಪದ್ದುವಿನ ಕಣ್ಣಿಗೆ, ಕುರುಡಾಗಿದ್ದವನು ನಾನು.

ಯುಗಾದಿಯ ಮಾರನೆಯ ದಿನ ಪದ್ದು ಬಂದಳು. ಕಪ್ಪು ಕನ್ನಡಕ, ಕೈಯಲ್ಲಿ ಒಂದು ಚೀಲ. ತೋಪುಗಳಲ್ಲಿ ಗೋಲಿಯಷ್ಟು ಗಾತ್ರದ ಹೀಚು ಕಾಯಿ ಕಟ್ಟಿದ್ದ ಕಾಲ, ಗಾಳಿಯಲ್ಲಿ ಇನ್ನೂ ಹೂವಿನ ವಾಸನೆ ಉಳಿದಿತ್ತು. ಅವಳು ಬಾಗಿಲಲ್ಲೇ ನಿಂತು ಕನ್ನಡಕ ಸ್ವಲ್ಪ ಎತ್ತಿ ಬೀದಿಯನ್ನು, ಮರಗಳನ್ನು, ನನ್ನ ಮುಖವನ್ನು ನೋಡಿದಳು.

"ನೀನು ಇಷ್ಟು ಬೆಳ್ಳಗಾಗಿದೀಯ ಅಂತ ಗೊತ್ತಿರಲಿಲ್ಲ ಕಣಣ್ಣ," ಎಂದಳು. ಕೂದಲಿನ ವಿಷಯ.

ಚಿತ್ರಗಳನ್ನು ನಡುಮನೆಯ ಗೋಡೆಗೆ ಬರೆದ ವರ್ಷದ ಪ್ರಕಾರ ಸಾಲಾಗಿ ಒರಗಿಸಿದ್ದೆ. ಅವಳು ಮೊದಲನೆಯದರ ಮುಂದೆ ಕೂತಳು. ಒಂದು ಕಣ್ಣಿನ ಮೇಲೆ ಅಂಗೈ ಮರೆಮಾಡಿ ನೋಡಿದಳು, ಇನ್ನೊಂದನ್ನು ಮರೆಮಾಡಿ ನೋಡಿದಳು. ಪಕ್ಕಕ್ಕೆ ಸರಿದು ಎರಡನೆಯದು. ಹೀಗೆ ಕೂತು ಕೂತೇ ಗೋಡೆಯ ಉದ್ದಕ್ಕೂ ಸಾಗಿದಳು. ಏಳನೆಯದರ ಹತ್ತಿರ ನಿಧಾನವಾದಳು. ಹತ್ತನೆಯದು ಮುನಿಶಾಮಪ್ಪನ ತೋಟ, ಅಲ್ಲಿ ಸೆರಗು ಬಾಯಿಗೆ ಹೋಯಿತು.

"ಅಂತಾ ತಪ್ಪು ಅಣ್ಣ, ಅಂತಾ ತಪ್ಪು," ಎಂದಳು ತೆಲುಗಿನಲ್ಲಿ. ಎಲ್ಲಾ ತಪ್ಪು ಎಂದು. ಸಿಟ್ಟು ಬಂದದ್ದು ತನ್ನ ಮೇಲೇ. "ನೋಡಿಲ್ಲಿ, ಇಲ್ಲೀವರೆಗೂ ಗಿಳಿ. ಇಲ್ಲಿಂದ ಚೂರು ಚೂರೇ ಬಾಡ್ತಾ ಬಂದಿದೆ. ಇಲ್ಲಿಗೆ ಬರೋ ಹೊತ್ತಿಗೆ ಅಷ್ಟೂ ಹುಣಸೆ. ನನ್ನ ಕಣ್ಣು ಯಾವಾಗ ಕೆಟ್ಟಿತು ಅಂತ ಡಾಕ್ಟರಿಗೆ ಹೇಳೋಕೆ ಗೊತ್ತಾಗಿರಲಿಲ್ಲ ನಂಗೆ. ಇಲ್ಲಿ ಬರೆದೇ ಇದೆಯಲ್ಲ."

ನನಗೆ ಆ ಸಾಲು ಮೊದಲಿನಿಂದ ಕೊನೆಯವರೆಗೂ ಒಂದೇ ಥರ ಕಾಣುತ್ತಿತ್ತು. ಆದರೂ ಅವಳ ಬೆರಳಿನ ಹಿಂದೆ ಹಿಂದೆ ನೋಡುತ್ತ ಹೋದೆ. ಎಂಟು ಹತ್ತು ವರ್ಷ ಅವಳು ಮಂಕು ಬೆಳಕಿನಲ್ಲಿ ಬದುಕಿದ್ದಾಳೆ, ಅದು ಅವಳಿಗೂ ಗೊತ್ತಾಗಿಲ್ಲ, ನನಗೂ ಗೊತ್ತಾಗಿಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ ಬಣ್ಣ ಕೇಳಿದ ನಾನು ಒಂದು ದಿನವಾದರೂ ಕಣ್ಣು ಹೇಗಿದೆ ಎಂದು ಕೇಳಲಿಲ್ಲ. ಅಳು ಬಂತು. ಅವಳ ಪಕ್ಕ ನೆಲದ ಮೇಲೆ ಕೂತೆ.

"ಬಾಟಲಿ ತಗೊಂಬಾ. ಮೂರು ದಿನ ಇದೆ, ನಾಲ್ಕಾದ್ರೂ ಸರಿ ಮಾಡಬಹುದು," ಎಂದಳು.

"ಬೇಡ ಕಣೇ, ಹಿಂಗೇ ಇರಲಿ."

"ಜನ ನಗ್ತಾರೆ."

"ನಗಲಿ. ಇದು ನೀನು ಕಂಡ ಊರು ಪದ್ದು. ಇದರಲ್ಲಿ ನಂದು ಅನ್ನೋದು ಗೆರೆ ಅಷ್ಟೇ. ಕೆಳಗಡೆ ನನ್ನ ಹೆಸರಿನ ಪಕ್ಕ ನಿನ್ನ ಹೆಸರೂ ಬರೀತೀನಿ, ಬಣ್ಣ ಹೇಳಿದವಳು ಅಂತ. ಮೊದಲೇ ಬರೀಬೇಕಿತ್ತು."

ಬೇಡ, ಮುಳಬಾಗಿಲಿನಲ್ಲಿ ಎಲ್ಲ ಆಡಿಕೊಳ್ಳುತ್ತಾರೆ ಎಂದಳು. ನಾನು ಆಗಲೇ ಪೆನ್ನು ಹುಡುಕುತ್ತಿದ್ದೆ. ಅವಳು ನನ್ನ ಮೊಣಕೈ ಹಿಡಿದಳು.

"ಹಂಗಾದ್ರೆ ಒಂದು ಹೇಳ್ಬೇಕು. ನನ್ನ ಹೆಸರು ಬರೆಸ್ಕೊಂಡು ಸುಳ್ಳು ಇಟ್ಕೊಳ್ಳೋಕಾಗಲ್ಲ." ಅವಳ ಕಣ್ಣು ಹದಿನಾಲ್ಕನೆಯ ಚಿತ್ರದ ಮೇಲಿತ್ತು. ಬಾವಿ, ತೊಟ್ಟಿ, ಲಂಗದ ಜಾಗದಲ್ಲಿ ಬರೀ ಪೆನ್ಸಿಲ್ ಗೆರೆ. "ಆ ಲಂಗ ಕುಂಕುಮ ಅಲ್ಲ ಕಣಣ್ಣ."

ನನಗೆ ಅರ್ಥವಾಗಲಿಲ್ಲ. "ಆಗ ನಿನ್ನ ಕಣ್ಣಿಗೆ ಪೊರೆ ಎಲ್ಲಿತ್ತು?"

"ಪೊರೆ ಇಲ್ಲ ಏನಿಲ್ಲ. ನಾನೇ ಹೇಳಿದ್ದು ಸುಳ್ಳು. ಅಮ್ಮನ ಹಳೇ ಸೀರೆ ಹರಿದು ಹೊಲಿದಿದ್ದ ಲಂಗ ಅದು. ಮಣ್ಣಿನ ಬಣ್ಣ. ಮೂರು ವರ್ಷ ಅದೊಂದನ್ನೇ ಹಾಕಿದೀನಿ, ಸ್ಕೂಲಿಗೂ ಅದೇ, ಮದುವೆ ಮನೆಗೂ ಅದೇ. ಕೆಂಪು ಲಂಗ ಅಂದ್ರೆ ಪ್ರಾಣ ನಂಗೆ. ನೀನು ಯಾವ ಬಣ್ಣ ಅಂತ ಕೇಳಿದಾಗ..." ಅವಳು ಸ್ವಲ್ಪ ನಕ್ಕಳು. "ಊರಿಗೆಲ್ಲ ಕಾಣ್ತಿತ್ತು ಅಣ್ಣ. ನಿನ್ನ ಒಬ್ಬನ ಕಣ್ಣಿಗೆ ಮಾತ್ರ ನಾನು ಕೆಂಪು ಲಂಗ ಹಾಕ್ಕೊಂಡಿದ್ದೆ."

ಅಡುಗೆಮನೆಯಲ್ಲಿ ಸರೋಜಳ ಪಾತ್ರೆಯ ಸದ್ದು ನಿಂತಿತು. ಐವತ್ತು ವರ್ಷಕ್ಕೂ ಮಿಕ್ಕಿ, ಬರೆದ ಚಿತ್ರಕ್ಕೆಲ್ಲ ಅವಳಿಗೆ ಆ ಲಂಗ ತೊಡಿಸುತ್ತ ಬಂದಿದ್ದೆ, ಹಾಗೆಂದು ತಿಳಿಯದೆಯೇ.

"ಇದಕ್ಕಾದ್ರೂ ನಿಜವಾದ ಬಣ್ಣ ಹಾಕ್ಲಾ?" ಎಂದು ಕೇಳಿದೆ.

ಅವಳು ಮೊಣಕಾಲ ಮೇಲೆ ಕೈಯೂರಿ ಎದ್ದು, ಸರೋಜಳ ಹತ್ತಿರ ಗೋಂದು ಕತ್ತರಿ ಇಸಕೊಂಡು ಹಿತ್ತಲಿಗೆ ಹೋದಳು. ಚೀಟಿ ಹೋದ ಕತೆಯನ್ನು ಸರೋಜಳೇ ಅವಳಿಗೆ ಹೇಳಿರಬೇಕು. ಹನ್ನೊಂದು ಬಾಟಲಿಗಳನ್ನೂ ಮುಂದಿಟ್ಟುಕೊಂಡು, ಒಂದೊಂದನ್ನೇ ಬಿಸಿಲಿಗೆ ಹಿಡಿದು ಹೊಸ ಕಣ್ಣಿನಿಂದ ನೋಡಿ ನೋಡಿ ಚೀಟಿ ಬರೆದು ಅಂಟಿಸಿದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬಣ್ಣದ ಕಡ್ಡಿಗಳಿಗೆ ಚೀಟಿ ಸುತ್ತಿದ ದಿನ ಹೇಗೆ ನಾಲಿಗೆಯ ತುದಿ ಹೊರಗೆ ಹಾಕಿದ್ದಳೋ ಈಗಲೂ ಹಾಗೆಯೇ ಹಾಕಿದ್ದಳು. ಊಟ ಮಾಡಿ, ಭಾನುವಾರ ಮಕ್ಕಳನ್ನೂ ಕರೆದುಕೊಂಡು ಬರ್ತೀನಿ ಎಂದು ಹೇಳಿ ಮಧ್ಯಾಹ್ನದ ಬಸ್ಸಿಗೆ ಹೊರಟಳು.

ಅವಳನ್ನು ಹತ್ತಿಸಿ ಬಂದು ನಾನು ಹದಿನಾಲ್ಕನೆಯ ಚಿತ್ರದ ಮುಂದೆ ಕೂತೆ. ಏನೇ ಆಗಲಿ ಕುಂಕುಮವನ್ನೇ ಹಾಕುವುದು ಎಂದು ದಾರಿಯಲ್ಲೇ ಗಟ್ಟಿಮಾಡಿಕೊಂಡಿದ್ದೆ. ಬಾಟಲಿಗಳನ್ನು ಒಂದೊಂದಾಗಿ ತಿರುಗಿಸಿ ಓದಿದೆ. ಗಿಳಿ ಇತ್ತು. ಹುಣಸೆ ಇತ್ತು. ಹೆಂಚು, ಮಾವಿನ ಚಿಗುರು, ಇದ್ದಿಲು, ಎಲ್ಲ ಇದ್ದವು. ಕುಂಕುಮ ಮಾತ್ರ ಇರಲಿಲ್ಲ. ಮರೆತಳೇ ಎಂದುಕೊಂಡು ಮತ್ತೆ ಮೊದಲಿನಿಂದ ಎಣಿಸಿದೆ. ಬಾಟಲಿ ಹನ್ನೊಂದೂ ಇದ್ದವು, ಚೀಟಿಯೂ ಹನ್ನೊಂದಿದ್ದವು. ಕೊನೆಯ ಬಾಟಲಿಯನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಹೊಸ ಚೀಟಿಯ ಮೇಲೆ ಗುಂಡು ಗುಂಡಾದ ಅಕ್ಷರದಲ್ಲಿ ಪದ್ದು ಬರೆದಿದ್ದಳು: "ನನ್ನ ಲಂಗ."